ಗೋಡೆಯ ಆ ಮಗ್ಗುಲು

ಗೋಡೆಯ ಮೇಲಿಟ್ಟ ಅಂಗೈಯನ್ನು ಇನ್‌ಸ್ಪೆಕ್ಟರಮ್ಮ ತೆಗೆಯಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಮೇಲಿಂದ ಕೆಳಕ್ಕೆ ಸವರಿದಳು. ಇಟ್ಟಿಗೆಗಳ ಸಂದಿನಿಂದ ಗಾರೆ ಹೊರಕ್ಕೆ ಉಕ್ಕಿ, ದಣಿದ ನಾಯಿಯ ನಾಲಿಗೆಯ ಹಾಗೆ ಜೋತುಬಿದ್ದು, ಹಾಗೆಯೇ ಕಲ್ಲಾಗಿತ್ತು.

"ಏನ್ ಮೇಡಂ, ಗೋಡೆಗೆ ಜ್ವರಾನಾ?" ಎಂದ ಹೆಡ್ ಕಾನ್ಸ್‌ಟೇಬಲ್. ಮಂಡಿನೋವಿನ ಮನುಷ್ಯ. ಎಲ್ಲಿಗೆ ಹೋದರೂ ಮೊದಲು ಕೂರುವುದಕ್ಕೊಂದು ಕಲ್ಲು ಹುಡುಕುತ್ತಿದ್ದ. ಇಲ್ಲೂ ಹುಡುಕಿಕೊಂಡು ಕೂತಾಗಿತ್ತು.

"ಅಣ್ಣಾ, ಈ ಗೋಡೆ ಕಟ್ಟಿದ್ದು ಯಾರು ಅಂತಾರೆ ಓಣಿಯೋರು?" ಯಾರೂ ಇಲ್ಲದ ಕಡೆ ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ನಾಲ್ಕು ಜನರೆದುರು ಮಾತ್ರ ‘ರೀ ಹೆಡ್ಡು’.

"ಇನ್ಯಾರು, ನೀಲಿ ಅಪ್ಪ. ತೊಟ್ಟಿಲ ಕೂಸಿಗೂ ಗೊತ್ತು."

ನೀಲಿ ಎಂದರೆ ಬಟ್ಟೆಗೆ ಬಣ್ಣ ಕಟ್ಟುವ ಗಂಡಸು. ಮೊಣಕೈವರೆಗೆ ಅಂಟಿದ ಬಣ್ಣ ಹೋಗದೆ ಹೋಗದೆ ಕೊನೆಗೆ ಅದೇ ಅವನ ಹೆಸರಾಗಿತ್ತು. ಇವತ್ತು ಬೆಳಿಗ್ಗೆಯಿಂದ ಅವನು ಲಾಕಪ್ಪಿನಲ್ಲಿದ್ದ. ಪ್ರತಿ ಭಾನುವಾರ ಊರವರನ್ನು ಕಟ್ಟಿಕೊಂಡು ಈ ಬಣ್ಣಗಾರರ ಓಣಿಯನ್ನು ಸುತ್ತಿಸಿ, ಅದರ ಹಳೇ ಕಥೆ ಹೇಳುತ್ತಿದ್ದ ನಿವೃತ್ತ ಮೇಷ್ಟ್ರು ಮೊನ್ನೆ ಸಂಜೆ ನೀಲಿಯ ಹಿತ್ತಲಿನ ಒಣ ತೊಟ್ಟಿಯಲ್ಲಿ ಕತ್ತು ಮುರಿದು ಸತ್ತಿದ್ದರು. ಅವರ ಬಿಳಿ ಅಂಗಿಯ ಬೆನ್ನ ಮೇಲೆ ಒಂದು ನೀಲಿ ಕೈಯ ಗುರುತಿತ್ತು. ನಾಳೆ ಬೆಳಿಗ್ಗೆ ನೀಲಿಯನ್ನು ಕೋರ್ಟಿಗೆ ಒಯ್ಯಬೇಕು. ಕೊಲೆಗಾರ ಎನ್ನಿಸಿಕೊಂಡು ಆ ಮೆಟ್ಟಿಲು ಹತ್ತಿದವನು ಇಳಿದು ಬರುವುದು ಕಷ್ಟ.

ಅವನಿಗೆ ಮೇಷ್ಟ್ರ ಮೇಲೆ ಹಗೆಯಿದ್ದದ್ದು ಯಾರಿಗೂ ಹೊಸದಲ್ಲ. ಹಗೆಯ ಬೇರು ಇದೇ ಗೋಡೆಯಲ್ಲಿತ್ತು.

ನಲವತ್ತು ವರ್ಷದ ಹಿಂದೆ ಇಲ್ಲಿ ಗೋಡೆಯಿರಲಿಲ್ಲ. ಓಣಿಯ ಈ ತುದಿಯಿಂದ ದೊಡ್ಡಮನೆಯ ಅಡಿಯಲ್ಲೇ ಹಾದು ಹೊರಬೀದಿಗೆ ಸೇರುವ ಒಂದು ಮಾಡಿನ ದಾರಿಯಿತ್ತು. ಓಣಿಗೆ ಬೆಂಕಿ ಬಿದ್ದ ದಿನ ಜನ ಅತ್ತ ಓಡಿದರು. ಹೋಗಿ ನೋಡಿದರೆ ದಾರಿಯಿಲ್ಲ, ಹೊಸ ಗೋಡೆ. ಹಿಂದಕ್ಕೆ ತಿರುಗುವಷ್ಟರಲ್ಲಿ ಹಿಂದೆಯೂ ದಾರಿ ಉಳಿದಿರಲಿಲ್ಲ.

ಆ ಗೋಡೆಯನ್ನು ನೀಲಿಯ ಅಪ್ಪನೇ ಕಟ್ಟಿದ್ದ, ತನ್ನ ಹಿತ್ತಲನ್ನು ಇನ್ನೊಂದಿಷ್ಟು ಹಿಗ್ಗಿಸಿಕೊಳ್ಳಲು ಯಾರಿಗೂ ಹೇಳದೆ ಕಟ್ಟಿಬಿಟ್ಟ ಎನ್ನುವುದು ಓಣಿಯ ಮಾತು. ಬೆಂಕಿಯ ಮಾರನೆಯ ದಿನದಿಂದ ಅವನು ಕಾಣಲಿಲ್ಲ. ತಪ್ಪು ಮಾಡದವನು ಯಾಕೆ ಓಡಿಹೋಗುತ್ತಾನೆ ಎಂದರು. ಅಂದಿನಿಂದ ಆ ಮನೆಯ ಜಗಲಿಯ ಮೇಲೆ ಯಾರೂ ಕೂರಲಿಲ್ಲ. ನೀಲಿಗೆ ಯಾರೂ ಹೆಣ್ಣು ಕೊಡಲಿಲ್ಲ. ಮೇಷ್ಟ್ರು ಬಂದಮೇಲಂತೂ ವಾರವಾರ ಹೊಸ ಜನರಿಗೆ ಆ ಕಥೆ ಹೊಸದಾಗಿ ತಲುಪುತ್ತಿತ್ತು. ಹೋದ ತಿಂಗಳು ನೀಲಿ ನಡುಬೀದಿಯಲ್ಲಿ ಅವರ ಕೊಡೆ ಕಿತ್ತೆಸೆದು, ಇನ್ನೊಂದು ಸಲ ನಮ್ಮಪ್ಪನ ಸುದ್ದಿ ಎತ್ತಿದರೆ ನೋಡಿ ಎಂದಿದ್ದ. ನೋಡಿದವರು ಮೂವತ್ತು ಜನ.

ಆದರೆ ಹೋದ ಭಾನುವಾರ ಮೇಷ್ಟ್ರು ಕಥೆ ಹೇಳಿರಲಿಲ್ಲ. ಇದೇ ಗೋಡೆಯ ಮುಂದೆ ನಿಂತು, ಕೈಯಾಡಿಸಿ, ಇದನ್ನ ಇನ್ನೊಂದ್ಸಲ ನೋಡ್ಬೇಕು ಎಂದಷ್ಟೇ ಹೇಳಿ ಜನರನ್ನು ಕಳಿಸಿಬಿಟ್ಟಿದ್ದರಂತೆ.

ಅವರು ಏನು ಕಂಡರೆಂದು ಇನ್‌ಸ್ಪೆಕ್ಟರಮ್ಮನಿಗೆ ಈಗ ತಿಳಿಯಿತು. ಅವಳ ಅಪ್ಪ ಗಾರೆ ಕೆಲಸದವನು. ಗೋಡೆ ಕಟ್ಟುವವನು ತಾನು ನಿಂತ ಮಗ್ಗುಲಲ್ಲಿ ಸಂದು ಒರೆಸುತ್ತಾನೆ, ಅತ್ತ ಮಗ್ಗುಲಲ್ಲಿ ಗಾರೆ ಉಕ್ಕಿ ಸೋರಿದರೂ ಕೈ ಎಟುಕುವುದಿಲ್ಲ ಎಂದು ಅವನು ಊಟದ ತಟ್ಟೆಯ ಮುಂದೆ ಕೂತೂ ಹೇಳುತ್ತಿದ್ದ.

"ಇದು ಓಣಿ ಕಡೆ ನಿಂತು ಕಟ್ಟಿದ ಗೋಡೆ ಅಲ್ಲ ಅಣ್ಣಾ. ಆ ಕಡೆಯಿಂದ ಕಟ್ಟಿದ್ದು. ದೊಡ್ಡಮನೆ ಒಳಗೆ ನಿಂತು."

ಹೆಡ್ಡು ಮಂಡಿ ಮರೆತು ಎದ್ದು ನಿಂತ. ಇಬ್ಬರೂ ಮೇಲಕ್ಕೆ ನೋಡಿದರು. ಗೋಡೆಯ ನೆತ್ತಿಯ ಮೇಲೆ ದೊಡ್ಡಮನೆಯ ಹಿಂಭಾಗ ಎದ್ದಿತ್ತು. ಅಷ್ಟು ದೊಡ್ಡ ಬೆನ್ನಿಗೆ ಇದ್ದದ್ದು ಒಂದೇ ಕಿಟಕಿ. ಅದರ ಬಾಗಿಲು ಮುಚ್ಚಿತ್ತು.

*

ಗೋಡೆಗೆ ಅಂಟಿದಂತೆಯೇ ನೀಲಿಯ ಹಿತ್ತಲು. ನೆಲದೊಳಕ್ಕೆ ಇಳಿಸಿ ಕಟ್ಟಿದ ಎರಡು ತೊಟ್ಟಿ. ಒಂದರಲ್ಲಿ ಬಣ್ಣ ನಿಂತಿತ್ತು, ಇನ್ನೊಂದು ಒಣಗಿತ್ತು. ಇನ್‌ಸ್ಪೆಕ್ಟರಮ್ಮ ಮೇಷ್ಟ್ರು ಸತ್ತ ಒಣ ತೊಟ್ಟಿಗೆ ಇಳಿದಳು. ಒಳಗೋಡೆ ಬಟ್ಟಲಿನ ಹಾಗೆ ನಯವಾಗಿತ್ತು.

ಹೆಡ್ಡಿನ ಅತ್ತೆ ಇದೇ ಓಣಿಯವಳು. ಆದ್ದರಿಂದ ದಡದಲ್ಲಿ ಕೂತೇ ಪಾಠ ಶುರುಮಾಡಿದ. ಬಣ್ಣಗಾರರು ತೊಟ್ಟಿಗೆ ಹೊರಗಿನ ಕೆಲಸದವರನ್ನು ಕರೆಯುವುದಿಲ್ಲ, ತಾವೇ ಕಟ್ಟಿಕೊಳ್ಳುತ್ತಾರೆ. ಸಂದನ್ನು ಗಾರೆಯವರ ಹಾಗೆ ಕರಣೆಯಿಂದ ಕೆರೆದರೆ ಅಂಚು ಉಳಿಯುತ್ತದೆ, ಅಂಚು ಉಳಿದರೆ ನೆನೆದ ಬಟ್ಟೆ ಸಿಕ್ಕಿ ಹರಿಯುತ್ತದೆ. ಅದಕ್ಕೇ ಗಾರೆ ಹಸಿಯಾಗಿರುವಾಗಲೇ ಹೆಬ್ಬೆರಳಿನಿಂದ ಒರೆಸುತ್ತಾರೆ. ಗಂಡ ಇಟ್ಟಿಗೆ ಇಟ್ಟರೆ ಹೆಂಡತಿ ಒರೆಸುವುದು, ಹೆಂಡತಿ ಇಟ್ಟರೆ ಗಂಡ ಒರೆಸುವುದು. ನಮ್ಮತ್ತೆ ಚಪಾತಿ ಲಟ್ಟಿಸುವಾಗಲೂ ಅಂಚು ಕಂಡರೆ ಒರೆಸಿಬಿಡ್ತಾಳೆ ಮೇಡಂ, ಅಭ್ಯಾಸ ಎಂದ.

ಅವಳು ಒಂದು ಸಂದಿಗೆ ತನ್ನ ಹೆಬ್ಬೆರಳು ಇಟ್ಟು ಎಳೆದಳು. ಬೆರಳು ತಾನಾಗಿ ಜಾರಿತು. ಒರೆಸಿದ ಗುಳಿಯ ನಟ್ಟನಡುವೆ ಮಾತ್ರ ನೂಲಿನಷ್ಟು ಸಣ್ಣಗೆ ಉಬ್ಬಿದ ಏಣೊಂದು ತಾಗುತ್ತಿತ್ತು. ಪ್ರತಿ ಸಂದಿನಲ್ಲೂ ಇತ್ತು. ಆಗ ಅವಳದನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನೀಲಿಯ ತಾಯಿ ತುಂಬಿದ ತೊಟ್ಟಿಯ ಪಕ್ಕ ಕೂತಿದ್ದಳು. ಓಣಿಯಲ್ಲಿ ಎಲ್ಲರಿಗೂ ಅಜ್ಜಿ. ಸುಡುಬಿಸಿಲಲ್ಲೂ ಶಾಲು ಹೊದ್ದು, ಕೈಗಳನ್ನು ಅದರೊಳಗೆ ಸೇರಿಸಿಕೊಂಡಿದ್ದಳು. ಮೇಷ್ಟ್ರು ಬಂದದ್ದು ಹೋದದ್ದು ತನಗೆ ತಿಳಿಯದು, ಒಳಗೆ ಮಲಗಿದ್ದೆ, ಎದ್ದು ಬಂದಾಗ ಮಗ ಅವರನ್ನು ತೊಟ್ಟಿಯಿಂದ ಎತ್ತುತ್ತಿದ್ದ ಎಂದು ನಿನ್ನೆಯೇ ಹೇಳಿದ್ದಳು. ಬಿದ್ದಿದ್ದರು, ಎತ್ತಿದೆ ಎಂದೇ ನೀಲಿಯೂ ಹೇಳಿದ್ದ.

ಇನ್‌ಸ್ಪೆಕ್ಟರಮ್ಮ ಒಳ್ಳೆಯ ಸುದ್ದಿ ತಂದವಳ ಹುಮ್ಮಸ್ಸಿನಲ್ಲಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಗೋಡೆಯ ವಿಷಯ ಬಿಡಿಸಿ ಹೇಳಿದಳು. ಅಜ್ಜಿ ತಲೆಯೆತ್ತಲಿಲ್ಲ.

"ಗೋಡೆ ಸುದ್ದಿ ಬಿಟ್ಟುಬಿಡು ಮಗಳೇ."

"ನಿಮ್ಮ ಯಜಮಾನ್ರ ಮೇಲಿರೋ ಅಪವಾದ ಹೋಗುತ್ತೆ ಅಜ್ಜಿ. ಮೇಷ್ಟ್ರು ಅದನ್ನೇ ಹೇಳೋದಕ್ಕೆ ಹೊರಟಿದ್ರು ಅಂತ ತೋರಿಸಿದ್ರೆ, ನಿಮ್ಮ ಮಗ ಅವರನ್ನ ಕೊಲ್ಲೋದಕ್ಕೆ ಕಾರಣಾನೇ ಉಳಿಯಲ್ಲ."

"ಅಪವಾದ ಹೋಗುತ್ತೆ ಅಂತೀಯಲ್ಲ. ಹೋಗಿ ಎಲ್ಲಿ ಕೂರುತ್ತೆ ಅಂತ ನೋಡ್ಕೊಂಡಿದ್ದೀಯಾ?"

ಅಷ್ಟು ಹೇಳಿ ಅಜ್ಜಿ ತೊಟ್ಟಿಯ ಕಡೆ ತಿರುಗಿ ಕೂತಳು. ನಲವತ್ತು ವರ್ಷ ಕಾದ ಮಾತು ಬಾಗಿಲಿಗೆ ಬಂದರೆ ಬಾಗಿಲು ಹಾಕಿಕೊಳ್ಳುವವರುಂಟೇ? ಆ ಪ್ರಶ್ನೆ ಹೊತ್ತೇ ಇನ್‌ಸ್ಪೆಕ್ಟರಮ್ಮ ದೊಡ್ಡಮನೆಗೆ ನಡೆದಳು.

*

ದೊಡ್ಡಮನೆಯ ಯಜಮಾನನಿಗೆ ಅರವತ್ತರ ಆಚೆ ಈಚೆ. ಮೆದು ದನಿ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತು. ಎರಡೂ ಕಡೆ ಬೆಳಕು ಬೀಳಬೇಕು, ದೀಪ ಯಾರದೆಂದು ಮಾತ್ರ ತಿಳಿಯಬಾರದು. ಮೇಷ್ಟ್ರ ಭಾನುವಾರದ ಸುತ್ತಾಟಕ್ಕೆ ಅವನೇ ಆಸರೆ. ನಡೆದು ದಣಿದವರಿಗೆ ಅವನ ಪಡಸಾಲೆಯಲ್ಲೇ ನೀರು, ನೆರಳು, ಕುರ್ಚಿ. ಹಳೆಯ ಮಾಡಿನ ದಾರಿ ಈಗ ಅವನ ಉಗ್ರಾಣವಾಗಿತ್ತು. ಅಲ್ಲಿ ಓಣಿಯ ನೆನಪಿಗೊಂದು ವಸ್ತುಸಂಗ್ರಹ ಮಾಡಬೇಕೆಂಬ ಆಸೆಯನ್ನು ಅವನು ಎಲ್ಲರಲ್ಲೂ ಹೇಳಿಕೊಂಡಿದ್ದ.

ಮೇಷ್ಟ್ರ ಸಾವಿಗೆ ಅವನು ತಕ್ಕಷ್ಟು ಮರುಗಿದ. ಇನ್‌ಸ್ಪೆಕ್ಟರಮ್ಮ ಅದು ಮುಗಿಯುವವರೆಗೆ ಕಾದು, ಉಗ್ರಾಣದ ಗೋಡೆ ನೋಡಬೇಕು ಎಂದಳು. ಇಲ್ಲ ಎನ್ನುತ್ತಾನೆ, ಬೀಗದ ಕೈ ಕಳೆದಿದೆ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಬೀಗದ ಕೈ ಹಿಡಿದೇ ಎದ್ದ.

ಉಗ್ರಾಣದ ನೆಲದ ಮೇಲೆ ಕಪಾಟೊಂದನ್ನು ಎಳೆದ ಹಸಿ ಗೀರುಗಳಿದ್ದವು. ಕಪಾಟು ಪಕ್ಕಕ್ಕೆ ಸರಿದು ಗೋಡೆ ಬಯಲಾಗಿತ್ತು. ಎದೆಮಟ್ಟದಿಂದ ಮೇಲಕ್ಕೆ ಓಣಿಯ ಹಳೆಯ ನೀಲಿ ಬಟ್ಟೆಯೊಂದನ್ನು ಉದ್ದಗಲಕ್ಕೂ ಹರಡಿ ಹೊಡೆದಿದ್ದರು. ಸಂಗ್ರಹಕ್ಕೆ ಈಗಿನಿಂದಲೇ ಅಲಂಕಾರ ಎಂದ. ಬಟ್ಟೆ ಹಳೆಯದು, ಮೊಳೆಗಳು ಮಾತ್ರ ಮಿರಮಿರ ಮಿಂಚುತ್ತಿದ್ದವು.

"ಕಟ್ಟಿಸಿದ್ದು ನಮ್ಮ ತಂದೆ. ಒಪ್ಕೋತೀನಿ ಮೇಡಂ," ಎಂದ, ಅವಳು ಕೇಳುವ ಮೊದಲೇ. "ಕಳ್ಳರ ಕಾಟ ಅಂತ ಕಟ್ಟಿಸಿದ್ರು. ಬೆಂಕಿ ಬೀಳುತ್ತೆ ಅಂತ ಯಾರಿಗ್ಗೊತ್ತಿತ್ತು?"

"ಅಂದ್ರೆ ಇಷ್ಟು ವರ್ಷ ಬೇರೆಯವರ ತಲೆ ಮೇಲೆ ಕೂತಿದ್ದು ನಿಮ್ಮನೆ ಪಾಪ."

"ಹಂಗನ್ಬೇಡಿ. ಕಟ್ಟಿಸಿದೋರು ಒಬ್ರು, ಕಟ್ಟಿದ ಕೈ ಇನ್ನೊಂದು. ಮುಟ್ಟಿ ನೋಡಿ."

ಅವಳು ಬಗ್ಗಿ ಮುಟ್ಟಿದಳು. ನಾಲಿಗೆ ಚಾಚಿದ ಗಾರೆ ಇಲ್ಲಿರಲಿಲ್ಲ. ನಿರೀಕ್ಷಿಸಿದಂತೆ ಸಂದು ಒರೆಸಿತ್ತು. ಆದರೆ ಕರಣೆಯ ನೇರ ಗೀರಲ್ಲ. ಹೆಬ್ಬೆರಳಿನ ಗುಳಿ. ಸಾಲಿನ ಮೇಲೆ ಸಾಲು, ಬಟ್ಟಲಿನ ಒಳಮೈಯಂಥ ನಯ. ಬಟ್ಟೆ ಎಂದೂ ತಾಗದ ಗೋಡೆಯಲ್ಲಿ, ಬಟ್ಟೆ ಹರಿಯಬಾರದೆಂಬ ಕಾಳಜಿ.

ಹೆಬ್ಬೆರಳು ಇಟ್ಟು ಎಳೆದಳು. ಗುಳಿಯ ನಡುವೆ ನೂಲಿನಷ್ಟು ಸಣ್ಣ ಏಣು ತಾಗಿತು.

ಅವಳ ಕೈ ಅಲ್ಲೇ ನಿಂತಿತು. ಅದೇ ಏಣು, ಅದೇ ಬೆರಳು. ನೀಲಿಯ ಮನೆಯ ತೊಟ್ಟಿ ಒರೆಸಿದ ಬೆರಳೇ ಇಲ್ಲಿ ನಿಂತು ಓಣಿಯ ದಾರಿಯನ್ನೂ ಮುಚ್ಚಿತ್ತು.

"ತಿಳೀತಲ್ಲ," ಎಂದ ಯಜಮಾನ, ಪಾಠ ಒಪ್ಪಿಸಿದ ಮಗುವನ್ನು ಮೆಚ್ಚುವವನ ಹಾಗೆ. "ಹಿತ್ತಲ ಆಸೆಗೆ ಕಟ್ಟಿದ ಅಂತ ಓಣಿಯೋರು ತಿಳ್ಕೊಂಡಿದ್ದೇ ಮೇಲಾಗಿತ್ತು. ತನ್ನೋರ ದಾರೀನ ಪರರ ಮನೆಯೊಳಗೆ ನಿಂತು ಮುಚ್ಚಿದ ಅಂತ ಗೊತ್ತಾದ್ರೆ ಅವನ ಹೆಸರಿಗೆ ಉಗಿಯೋದಕ್ಕೂ ಯಾರೂ ಬಾಯಿ ತೆಗೆಯಲ್ಲ."

"ಇದನ್ನ ಮೇಷ್ಟ್ರಿಗೆ ತೋರಿಸಿದ್ರಾ?"

"ಮೊನ್ನೆ ಮಧ್ಯಾಹ್ನ ಅವರೇ ಬಂದು ಕಪಾಟು ಎಳೆಸಿದ್ರು. ನೋಡಿದ್ರು, ಏನೂ ಮಾತಾಡ್ಲಿಲ್ಲ, ಹೋದ್ರು. ಆಮೇಲೆ ನಾನವರನ್ನ ಕಾಣಲೇ ಇಲ್ಲ. ಸಂಜೆಯೆಲ್ಲ ಮನೇಲೇ ಇದ್ದೆ, ಕೆಲಸದೋರನ್ನ ಕೇಳಿ." ಆಮೇಲೆ ತಾನಾಗಿಯೇ ಸೇರಿಸಿದ. "ಹೋಗಿ ನೀಲಿಗೆ ಹೇಳಿರ್ತಾರೆ. ನಿಮ್ಮಪ್ಪ ನಾನು ಹೇಳ್ತಿದ್ದಕ್ಕಿಂತ ಕೆಟ್ಟೋನು ಕಣಪ್ಪಾ ಅಂತ. ಕೊಡೆ ಕಿತ್ತೆಸೆದೋನು ಅದನ್ನ ಕೇಳಿ ಸುಮ್ನಿರ್ತಾನಾ?"

ನೀಲಿಯನ್ನು ಬಿಡಿಸಲೆಂದು ಅವಳು ಹಿಡಿದು ಬಂದ ಹಗ್ಗ ಅವನ ಕತ್ತಿಗೇ ಬಿಗಿಯುತ್ತಿತ್ತು. ಅವಳು ಮಾತಿನ ದಿಕ್ಕು ಬದಲಿಸಿದಳು.

"ಮೇಲೊಂದು ಕಿಟಕಿ ಇದೆಯಲ್ಲ, ನೀಲಿ ಹಿತ್ತಲ ಕಡೆಗೆ."

"ಅದನ್ನ ನಾವು ತೆಗೆಯೋದೇ ಇಲ್ಲ. ಬಣ್ಣದ ನಾತ ತಡೆಯಕ್ಕಾಗಲ್ಲ."

"ಈ ಬಟ್ಟೆ ಹೊಡೆಸಿದ್ದು ಯಾವಾಗ?"

"ಯಾವಾಗ್ಲೋ. ಯಾಕೆ?"

"ಮೊಳೆ ಚೆನ್ನಾಗಿದೆ. ಅದಕ್ಕೆ ಕೇಳ್ದೆ."

ಯಜಮಾನನ ಮುಖದ ಮೇಲಿನ ದೀಪ ಒಂದು ಗಳಿಗೆ ಆರಿತು. ಮತ್ತೆ ಹೊತ್ತಿಕೊಂಡಾಗ ದನಿ ಇನ್ನೂ ಮೆದುವಾಗಿತ್ತು.

"ನೋಡಿ ಮೇಡಂ, ಸತ್ತ ನಮ್ಮಪ್ಪನ ಮಾನಕ್ಕೋಸ್ಕರ ನಾನ್ಯಾಕೆ ಮೇಷ್ಟ್ರ ಕತ್ತು ಮುರೀಲಿ? ಬೇಕಾದ್ರೆ ಈ ಗೋಡೆ ಮೇಲೆ ನಮ್ಮಪ್ಪನ ಹೆಸರು ಕೆತ್ತಿಸಿ ಇಡ್ತೀನಿ. ಮೇಷ್ಟ್ರದ್ದು ಹೆಂಗರುಳು, ಅದೇ ತೊಂದರೆ ಆಗಿದ್ದು. ಒಬ್ಳು ಮುದುಕಿ ಕೈಯನ್ನ ಮಡಿಲಲ್ಲಿಟ್ಕೊಂಡು ಅಳ್ತಾ ಕೂತ್ರೆ ಆಗಿದ್ದು ಆಗಿಲ್ಲ ಅಂತ ಆಗಿಬಿಡುತ್ತಾ? ನೀವೇ ಹೇಳಿ."

ಅವಳು ಹೊರಟಳು. ಅವನು ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಮೆಟ್ಟಿಲು ಮುರಿದಿದೆ, ನೋಡಿಕೊಂಡು ಇಳೀರಿ ಎಂದೂ ಎಚ್ಚರಿಸಿದ.

*

ಹೆಡ್ಡು ಓಣಿಯ ಬಾಯಲ್ಲಿ ಯಾರದೋ ಫೋನಿನಲ್ಲಿದ್ದ. ಅವಳು ಅವನನ್ನು ದಾಟಿ ನಡೆದಳು. ತಲೆಯಲ್ಲಿ ಸುತ್ತುತ್ತಿದ್ದದ್ದು ಆ ಏಣು. ಯಾವ ಬೆರಳು ಗುಳಿಯ ನಡುವೆ ಏಣು ಬಿಡುತ್ತದೆ? ನಡುವೆ ಸೀಳಿರುವ ಬೆರಳು. ಸೀಳಿದ ಬೆರಳು ಬಟ್ಟೆಯ ಮೇಲೆ ಒತ್ತಿದರೆ?

ಅವಳು ನಡುಬೀದಿಯಲ್ಲೇ ನಿಂತುಬಿಟ್ಟಳು.

ಮೇಷ್ಟ್ರ ಅಂಗಿಯ ಬೆನ್ನ ಮೇಲಿನ ಗುರುತು ಕಲೆಸಿಹೋಗಿ ಕೈಯ ಅಳತೆ ಸಿಕ್ಕಿರಲಿಲ್ಲ. ಹೆಬ್ಬೆರಳೊಂದೇ ಸ್ವಲ್ಪ ಸ್ಪಷ್ಟವಿತ್ತು. ಅದರ ನಡುವೆ ಬಿಳಿಯ ಗೆರೆಯೊಂದಿತ್ತು. ಫೋಟೋ ತೆಗೆದವನು ಅದು ಅಂಗಿಯ ಮಡಿಕೆ ಎಂದಿದ್ದ. ನೀಲಿಯ ಹಿತ್ತಲಲ್ಲಿ ನೀಲಿ ಕೈ ಎಂದರೆ ಅವನದೇ ಎಂದುಕೊಂಡು ಅವಳೂ ಹೌದೆಂದಿದ್ದಳು. ನೀಲಿಯ ಹೆಬ್ಬೆರಳುಗಳಲ್ಲಿ ಸೀಳಿರಲಿಲ್ಲ. ಅವನ ಅಪ್ಪನ ಬೆರಳು ಮೊನ್ನೆ ಸಂಜೆ ಇಲ್ಲಿರಲು ಸಾಧ್ಯವಿರಲಿಲ್ಲ.

ಗಂಡ ಇಟ್ಟಿಗೆ ಇಟ್ಟರೆ ಹೆಂಡತಿ ಒರೆಸುವುದು.

ಅಜ್ಜಿ ಅದೇ ಜಾಗದಲ್ಲಿ, ಅದೇ ಶಾಲಿನಲ್ಲಿ ಕೂತಿದ್ದಳು. ಇನ್‌ಸ್ಪೆಕ್ಟರಮ್ಮ ಎದುರಿಗೆ ಕೂತು ತನ್ನ ಅಂಗೈ ಚಾಚಿದಳು.

"ಕೈ ಕೊಡಿ ಅಜ್ಜಿ."

ಶಾಲಿನೊಳಗಿಂದ ಬಲಗೈ ಹೊರಬಂದು ಅವಳ ಅಂಗೈಯಲ್ಲಿ ಕೂತಿತು. ಹಗುರವಾದ, ಮಾಸಿದ ನೀಲಿಯ ಕೈ. ಹೆಬ್ಬೆರಳ ತುದಿ ಎಂದೋ ನಡುವೆ ಸೀಳಿ, ಎರಡು ಎಸಳಾಗಿಯೇ ಮಾಗಿತ್ತು.

"ಮೇಷ್ಟ್ರೂ ಹಿಂಗೇ ಕೇಳಿದ್ರು," ಎಂದಳು ಅಜ್ಜಿ.

ಆಮೇಲೆ ಅವಳು ಹೇಳಿದ್ದು ನಿಧಾನವಾಗಿ, ಒಂದೊಂದೇ ಇಟ್ಟಿಗೆ ಕಿತ್ತಿಡುವ ಹಾಗೆ. ಆ ವರ್ಷ ಓಣಿಯ ನೀರು ಬತ್ತಿತ್ತು. ನೀರಿಲ್ಲದೆ ಬಣ್ಣವಿಲ್ಲ. ದೊಡ್ಡಮನೆಯವರು ತಮ್ಮ ಬಾವಿಯ ನೀರು ಬಿಡುತ್ತೇವೆ, ಆ ದಾರಿಗೊಂದು ಗೋಡೆ ಕಟ್ಟಿಕೊಡಿ, ನಡುವೆ ಬಾಗಿಲಿಡೋಣ ಎಂದರು. ಬೆಂಕಿಯ ಹಿಂದಿನ ರಾತ್ರಿ ಗಂಡ ಇಟ್ಟಿಗೆ ಇಟ್ಟ, ಇವಳು ಒರೆಸಿದಳು. ಎದೆಮಟ್ಟಕ್ಕೆ ಬಂದಾಗ ಗಂಡ ಕೆಲಸ ನಿಲ್ಲಿಸಿದ. ಬಾಗಿಲು ಬರದೆ ಮುಂದೆ ಇಡುವುದಿಲ್ಲ, ಏನಾದರೂ ಆದರೆ ಜನ ಹತ್ತಿಯಾದರೂ ದಾಟಲಿ ಎಂದ. ಓಣಿಯವರಿಗೆ ಹೇಳಲಿಲ್ಲ. ನೀರು ಬಂದಮೇಲೆ ಹೇಳಿದರೆ ಸಂತೋಷಪಟ್ಟಾರು ಎಂದುಕೊಂಡರು. ನೀರಿಗಿಂತ ಮೊದಲು ಬೆಂಕಿ ಬಂತು. ಓಡಿದವರಲ್ಲಿ ಅವಳ ಹಿರಿಯ ಮಗಳೂ ಇದ್ದಳು. ನೀಲಿ ಆಗ ಕಂಕುಳ ಕೂಸು.

"ಗೋಡೆ ಪೂರ್ತಿ ಎದ್ದು ನಿಂತಿತ್ತು ಮಗಳೇ. ನಮ್ಮ ಯಜಮಾನ್ರೇ ನನಗೆ ಹೇಳದೆ ಹೋಗಿ ಮುಗಿಸಿಬಿಟ್ರು ಅಂದ್ಕೊಂಡೆ. ಕೇಳೋಣ ಅಂದ್ರೆ ಮಾರನೇ ದಿನ ಆ ಮನುಷ್ಯನೇ ಇಲ್ಲ. ನಲವತ್ತು ವರ್ಷ ಅವರನ್ನ ಬೈಕೊಂಡೇ ಬದುಕಿದೆ."

"ಮೇಷ್ಟ್ರು ಏನಂದ್ರು?"

"ಮೇಲಿನ ಸಾಲುಗಳಲ್ಲಿ ಬೆರಳಿನ ಗುರುತೇ ಇಲ್ಲ ಅಂದ್ರು. ಕರಣೆಯಿಂದ ಗೀರಿದ್ದಾರೆ, ಅದು ಬಣ್ಣಗಾರನ ಕೈಯಲ್ಲ, ನಿಮ್ಮ ಯಜಮಾನ್ರು ಮುಗಿಸಿಲ್ಲ ತಾಯಿ ಅಂದ್ರು. ನನ್ನ ಕೈ ಮಡಿಲಲ್ಲಿಟ್ಕೊಂಡು ಅತ್ತುಬಿಟ್ರು. ಇಷ್ಟು ವರ್ಷ ಕೆಟ್ಟ ಕಥೆ ಹೇಳ್ದೆ, ಭಾನುವಾರ ಎಲ್ರ ಮುಂದೆ ತಿದ್ತೀನಿ ಅಂದ್ರು. ನಾನು ಬಟ್ಟೆ ಹಿಂಡ್ತಾ ಇದ್ದೋಳು, ಒದ್ದೆ ಕೈಯಲ್ಲೇ ಬೆನ್ನು ಸವರ್ದೆ. ಹೋಗ್ಲಿ ಬಿಡಪ್ಪಾ ಅಂತ."

ಆ ನೀಲಿ ಬಟ್ಟೆ, ಆ ಹೊಸ ಮೊಳೆ. ಎದೆಮಟ್ಟದಿಂದ ಮೇಲಕ್ಕೆ ಮಾತ್ರ. ಯಜಮಾನ ಅವಳಿಗೆ ಗೋಡೆಯ ಅರ್ಧವನ್ನಷ್ಟೇ ಮುಟ್ಟಲು ಬಿಟ್ಟಿದ್ದ.

"ನಿನ್ನೆ ಯಾಕೆ ಹೇಳ್ಲಿಲ್ಲ ಅಜ್ಜಿ? ಮಲಗಿದ್ದೆ ಅಂದ್ರಲ್ಲ."

ಮೇಷ್ಟ್ರಿಗೆ ಕುಡಿಯಲು ನೀರು ತರಲೆಂದು ಒಳಗೆ ಹೋದೆ, ಕಣ್ಣು ಕತ್ತಲಿಟ್ಟಂತಾಗಿ ಅಲ್ಲೇ ಕೂತೆ, ಹೊರಗೆ ಬಂದರೆ ಮಗ ಅವರನ್ನು ಎತ್ತುತ್ತಿದ್ದ ಎಂದಳು.

"ಅವನೇ ತಳ್ಳಿರ್ತಾನೆ ಅಂದ್ಕೊಂಡೆ. ಮೇಷ್ಟ್ರು ಒಳ್ಳೇ ಮಾತು ತಂದಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ವಲ್ಲ. ನಾನು ಬಾಯಿ ಬಿಟ್ರೆ ಎಲ್ಲಾ ಅವನಿಗೇ ಸುತ್ಕೊಳ್ಳುತ್ತೆ."

ಬೀದಿ ಬಾಗಿಲು ತಳ್ಳಿಕೊಂಡು ಹೆಡ್ಡು ಒಳಬಂದ. ಕೂರಲು ಕಲ್ಲು ಹುಡುಕಲಿಲ್ಲ.

"ಮೇಡಂ, ಠಾಣೆಯಿಂದ ಫೋನು. ನೀಲಿ ಒಪ್ಕೊಂಡಿದ್ದಾನೆ. ಎದೆಗೆ ಕೈ ಕೊಟ್ಟು ತಳ್ಳಿದೆ ಅಂತಿದ್ದಾನೆ."

"ಗುರುತು ಇರೋದು ಬೆನ್ನ ಮೇಲೆ ರೀ."

"ಅದನ್ನೇ ಕೇಳಿದ್ರಂತೆ. ಅದಕ್ಕೆ ಒಂದೇ ಮಾತು ಹೇಳ್ತಿದ್ದಾನಂತೆ." ಹೆಡ್ಡಿನ ಕಣ್ಣು ಇನ್‌ಸ್ಪೆಕ್ಟರಮ್ಮನ ಅಂಗೈಯಲ್ಲಿದ್ದ ಮುದಿಕೈಯ ಮೇಲೆ ಬಿತ್ತು. ಅವನ ದನಿ ತಗ್ಗಿತು. "ನಮ್ಮಮ್ಮನ ಕೈ ನೋಡ್ಬೇಡಿ ಅಂತ."

ಮೇಷ್ಟ್ರನ್ನು ಎತ್ತುವಾಗ ನೀಲಿ ಅವರ ಬೆನ್ನ ಮೇಲೆ ತಾಯಿಯ ಬೆರಳು ಕಂಡಿದ್ದ. ಕಂಡು, ತನ್ನ ಕೈಯಿಂದ ಕಲೆಸಿದ್ದ. ಮಗನೇ ಕೊಂದ ಎಂದು ತಾಯಿ ಬಾಯಿ ಹೊಲಿದುಕೊಂಡಿದ್ದಳು. ತಾಯಿಯೇ ಕೊಂದಳು ಎಂದು ಮಗ ಬಾಯಿ ಬಿಟ್ಟಿದ್ದ.

"ನಾನು ತಳ್ಳಿದೆ ಅಂದ್ಕೊಂಡ್ನಾ ಅವನು?" ಎಂದಳು ಅಜ್ಜಿ. ಮೊದಲ ಸಲ ಅವಳ ಕಣ್ಣಲ್ಲಿ ನೀರು ಕಂಡಿತು. "ನನ್ನ ಕೂಸು. ನಾನೇ ಅಂತ ಅಂದ್ಕೊಂಡ್ನಾ?"

"ಅಜ್ಜಿ, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಮೇಷ್ಟ್ರು ನಿಮ್ಮ ಕೈ ಹಿಡಿದು ಅಳೋವಾಗ ಇಲ್ಲಿ ಬೇರೆ ಯಾರಿದ್ರು?"

"ಯಾರೂ ಇಲ್ಲ. ಬೀದಿ ಬಾಗ್ಲು ಮುಂದಕ್ಕೆ ಮಾಡಿತ್ತು. ನಾನು, ಅವರು, ಅಷ್ಟೇ."

ಮುದುಕಿ ಕೈಯನ್ನ ಮಡಿಲಲ್ಲಿಟ್ಕೊಂಡು ಅಳ್ತಾ ಕೂತ್ರೆ.

ಮಧ್ಯಾಹ್ನದ ಮೇಲೆ ಅವರನ್ನು ಕಾಣಲೇ ಇಲ್ಲ ಎಂದವನು ಆಡಿದ ಮಾತು ಅದು. ಬೆಂಕಿಯ ವರ್ಷ ಅವನಿಗೆ ಇಪ್ಪತ್ತರ ವಯಸ್ಸು. ಎದೆಮಟ್ಟದ ಗೋಡೆಯ ಮೇಲೆ ಇಟ್ಟಿಗೆ ಏರಿಸಿದ್ದು ಅವನ ಅಪ್ಪನ ಕೈಯೋ, ಇಲ್ಲ ಅವನದೇ? ಅದನ್ನು ಬಲ್ಲ ನೀಲಿಯ ಅಪ್ಪ ಮಾರನೆಯ ದಿನವೇ ಕಾಣೆಯಾಗಿದ್ದ.

ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ತಲೆಯೆತ್ತಿದಳು. ತೆಗೆಯುವುದೇ ಇಲ್ಲ ಎಂದಿದ್ದ ಕಿಟಕಿಯ ಎರಡೂ ಬಾಗಿಲು ಹಾರುಹೊಡೆದಿದ್ದವು. ಅಲ್ಲಿ ನಿಂತರೆ ಈ ಹಿತ್ತಲು, ಈ ತೊಟ್ಟಿ, ಅವಳ ಅಂಗೈಯಲ್ಲಿದ್ದ ಈ ಕೈ, ಎಲ್ಲವೂ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ. ಕಿಟಕಿಯಲ್ಲಿ ಈಗ ಯಾರೂ ಇರಲಿಲ್ಲ. ಇದ್ದವರು ಆಗಷ್ಟೇ ಇಳಿದು ಹೋದಂತೆ ಪರದೆ ಅಲ್ಲಾಡುತ್ತಿತ್ತು.

"ಅಣ್ಣಾ, ಓಡಿ. ದೊಡ್ಡಮನೆ ಉಗ್ರಾಣ."

ಹೆಡ್ಡು ಬಾಗಿಲು ದಾಟುವಷ್ಟರಲ್ಲಿ ಗೋಡೆಯ ಆ ಮಗ್ಗುಲಿಂದ ಸುತ್ತಿಗೆಯ ಮೊದಲ ಏಟು ಕೇಳಿಸಿತು. ಮೇಲಿನ ಸಾಲಿನಿಂದ. ಎರಡನೆಯ ಏಟಿಗೆ, ನಲವತ್ತು ವರ್ಷದಿಂದ ಓಣಿಯ ಕಡೆ ಚಾಚಿಕೊಂಡಿದ್ದ ಗಾರೆಯ ನಾಲಿಗೆಯೊಂದು ಮುರಿದು ಅಜ್ಜಿಯ ಕಾಲ ಬಳಿ ಬಿತ್ತು.